ನಂಬರಿಲ್ಲದ ಕೊಂಬು

ಹುನ್ನೂರಿನ ಹುಲೆಪ್ಪ ತಳವಾರ ಯಾರ ಮನೆಯ ಹೊಸ್ತಿಲು ದಾಟಿದರೂ ಅವನ ಕಣ್ಣು ಮೊದಲು ಗೋಡೆಯ ಗೂಟಕ್ಕೆ ಹೋಗುತ್ತಿತ್ತು. ಬೀಗತನಕ್ಕೆ ಬಂದವರು ಮನೆಯ ಕಂಬ ನೋಡುತ್ತಾರೆ, ದಲಾಲಿಗಳು ಎತ್ತಿನ ಹಲ್ಲು ನೋಡುತ್ತಾರೆ. ಹುಲೆಪ್ಪ ಮಾತ್ರ ಗೂಟ ನೋಡುವವ. ಗೂಟಕ್ಕೆ ಏನು ಜೋತುಬಿದ್ದಿದೆ, ಅಟ್ಟದ ಅಂಚಿನಲ್ಲಿ ಯಾವುದು ಧೂಳು ತಿನ್ನುತ್ತ ಕೂತಿದೆ, ಗೋಡೆಯ ಮಾಡದಲ್ಲಿ ಚಿಮಣಿ ದೀಪದ ಹಿಂದೆ ಏನು ಅಡಗಿದೆ ಎಂದು ಒಂದು ಸುತ್ತು ಕಣ್ಣಾಡಿಸಿದರೆ ಸಾಕು, ಆ ಮನೆಯ ಮೂರು ತಲೆಮಾರು ಅವನಿಗೆ ತಿಳಿದುಬಿಡುತ್ತಿತ್ತು.

ಹೀಗೆ ನೋಡುವ ಹಕ್ಕನ್ನು ಅವನಿಗೆ ಸರಕಾರವೇ ಕೊಟ್ಟಿತ್ತು. ಚಳಿಜ್ವರ ಓಡಿಸಲು ಮನೆಮನೆಗೆ ಡಿಡಿಟಿ ಹೊಡೆಸುತ್ತಿದ್ದ ಕಾಲ ಅದು. ೧೯೬೦ರಲ್ಲಿ ಹುಲೆಪ್ಪ ಆ ಕೆಲಸಕ್ಕೆ ಸೇರಿದ. ಖಾಕಿ ಚಡ್ಡಿ, ತಲೆಗೆ ಟವೆಲ್ಲು, ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಬಕೀಟು. ವರ್ಷಕ್ಕೆ ಎರಡು ಹಂಗಾಮು; ಒಂದೊಂದು ಹಂಗಾಮಿಗೂ ಮೊದಲು ಜಮಖಂಡಿಯ ಹಳ್ಳಿಗಳು, ಆಮೇಲೆ ಮುಧೋಳದ ಕಡೆ, ಕಡೆಗೆ ಬೀಳಗಿ. ಔಷಧ ಹೊಡೆಯುವ ಮುನ್ನ ಮನೆಯ ಸಾಮಾನೆಲ್ಲ ಅಂಗಳಕ್ಕೆ ಬರಬೇಕು, ಅಟ್ಟ ಖಾಲಿಯಾಗಬೇಕು, ಗೂಟ ಬರಿದಾಗಬೇಕು. ಹೆಣ್ಣುಮಕ್ಕಳು ಶಾಪ ಹಾಕುತ್ತಲೇ ಹೊರಗೆ ಇಡುತ್ತಿದ್ದರು.

"ಹೋದ ಸಲ ನೀವು ಹೊಡದ ಹೋದಮ್ಯಾಲೆ ನಮ್ಮ ಬೆಕ್ಕು ಸತ್ತೈತಿ. ಇನ್ನ ಇಲಿ ಯಾರ ಹಿಡೀಬೇಕು, ನೀನಽ ಬರ್ತಿಯೇನು?" ಎಂದು ಒಬ್ಬಳು ಕೇಳಿದರೆ, ಹುಲೆಪ್ಪ ನಗುತ್ತ, "ಪಗಾರ ಹೆಚ್ಚು ಮಾಡಿದ್ರ ಅದನ್ನೂ ಹಿಡೀತೀನಿ ಬೇ" ಅನ್ನುತ್ತಿದ್ದ.

ಅಂಗಳಕ್ಕೆ ಬಂದ ಆ ರಾಶಿಯಲ್ಲಿ ಅವನು ಹುಡುಕುತ್ತಿದ್ದದ್ದು ಬಂದೂಕಿನ ಸಂಸಾರ. ಬಂದೂಕಲ್ಲ, ಬಂದೂಕಿನ ಜೊತೆಗೆ ಬಾಳಿದ ಸಣ್ಣಪುಟ್ಟ ಸಾಮಾನು. ಮದ್ದು ತುಂಬಿಡುವ ಎಮ್ಮೆಯ ಕೊಂಬು, ಸೀಸ ಕರಗಿಸಿ ಗುಂಡು ಎರೆಯುವ ಅಚ್ಚು, ನಳಿಗೆಯಲ್ಲಿ ಮದ್ದು ಜಡಿಯುವ ಗಜ, ಕಿಡಿ ಹಾರಿಸುವ ಕೇಪು ಇಡುವ ತಗಡಿನ ಡಬ್ಬಿ, ಚಕಮಕಿ ಕಲ್ಲು, ಸೊಂಟಕ್ಕೆ ಕಟ್ಟುವ ಚರ್ಮದ ಚೀಲ. ಇಂಥವು ಈ ಭಾಗದ ಮನೆಗಳಲ್ಲಿ ಏಕೆ ಇದ್ದವು ಎಂದು ಯಾರೂ ಕೇಳಬೇಕಾಗಿಲ್ಲ. ೧೮೫೭ರಲ್ಲಿ ಹತಾರಗಳನ್ನೆಲ್ಲ ಒಪ್ಪಿಸಬೇಕೆಂದು ಕುಂಪಣಿ ಸರಕಾರ ಹುಕುಂ ಹೊರಡಿಸಿದ್ದು, ಹಲಗಲಿಯ ಬೇಡರಿಂದ ಅದಕ್ಕೆ ಏನು ಉತ್ತರ ಸಿಕ್ಕಿತು ಎನ್ನುವುದು ಇಲ್ಲಿಯ ಕೂಸುಗಳಿಗೂ ಗೊತ್ತು. ಹುಲೆಪ್ಪನ ಮುತ್ತಜ್ಜ ಮುದಕಪ್ಪ ಹಲಗಲಿಯವನಲ್ಲ, ಹೋರಾಡಿದವನೂ ಅಲ್ಲ. ಹೆಂಡಿರು ಮಕ್ಕಳ ಮುಖ ನೋಡಿ ಬಂದೂಕನ್ನು ಚಾವಡಿಯ ಕಟ್ಟೆಯ ಮೇಲೆ ಮಲಗಿಸಿ ಬಂದ. ಆದರೆ ಕೊಂಬು ಕೊಡಲಿಲ್ಲ. ಬಂದೂಕು ಕೇಳಿದರು, ಬಂದೂಕು ಕೊಟ್ಟೆ. ಕೊಂಬು ಕೇಳಲಿಲ್ಲ, ಕೊಡಲಿಲ್ಲ ಎಂದು ಸಾಯುವ ತನಕ ಹೇಳುತ್ತಿದ್ದನಂತೆ. ಆ ಕೊಂಬು ಹುಲೆಪ್ಪನ ಮನೆಯ ದೇವರ ಗೂಟಕ್ಕೆ ನೂರು ವರ್ಷ ತೂಗಿತು. ಕಪ್ಪಗೆ, ಬಿದಿಗೆಯ ಚಂದ್ರನ ಹಾಗೆ ಬಾಗಿ, ಬಾಯಿಗೆ ಹಿತ್ತಾಳೆಯ ಪಟ್ಟಿ, ಪಟ್ಟಿಗೊಂದು ಕಟ್ಟಿಗೆಯ ಬಿರಡೆ.

ಹುಲೆಪ್ಪನಿಗೆ ಅನ್ನಿಸಿದ್ದು ಇಷ್ಟೇ: ನಮ್ಮ ಮುತ್ತಜ್ಜ ಕೊಂಬು ಮುಚ್ಚಿಟ್ಟ ಹಾಗೆ ಉಳಿದವರೂ ಒಂದೊಂದು ಮುಚ್ಚಿಟ್ಟಿರಬೇಕು. ಅವನ್ನೆಲ್ಲ ಒಂದು ಕಡೆ ಕೂಡಿಸಬೇಕು.

ಕೂಡಿಸುವುದಕ್ಕೆ ಅವನದೊಂದು ರೀತಿ ಇತ್ತು. ಬಿಟ್ಟಿ ಬೇಡುವವನಲ್ಲ, ಹಣ ತೋರಿಸುವವನೂ ಅಲ್ಲ. ಆ ವಸ್ತು ಮನೆಯಲ್ಲಿ ಯಾವ ಕೆಲಸಕ್ಕೆ ಬರುತ್ತಿದೆಯೋ ಅದೇ ಕೆಲಸಕ್ಕೆ ಬರುವ ಹೊಸದೊಂದನ್ನು ಜಮಖಂಡಿ ಬಾಜಾರದಿಂದ ತಂದುಕೊಡುತ್ತಿದ್ದ. ಬಂಡಿಯ ಕೀಲಿಗೆ ಎಣ್ಣೆ ಹಾಕುತ್ತಿದ್ದ ಮದ್ದಿನ ಕೊಂಬಿಗೆ ಬದಲು ಮೂತಿಯ ತಗಡಿನ ಡಬ್ಬಿ. ಸುಣ್ಣ ತುಂಬಿದ್ದ ಕೇಪಿನ ಡಬ್ಬಿಗೆ ಬದಲು ಹಿತ್ತಾಳೆಯ ಸುಣ್ಣದ ಕಾಯಿ. ಬನಹಟ್ಟಿಯಲ್ಲಿ ನೇಕಾರ ಗಿರಮಲ್ಲಪ್ಪ ಒಂದು ತಾಮ್ರದ ಮದ್ದಿನ ಕುಪ್ಪಿಯಿಂದ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದ. ಒತ್ತಿದರೆ ಅಳತೆಯಷ್ಟೇ ಸುರಿದು ತಾನೇ ಬಾಯಿ ಮುಚ್ಚುವ ಕುಪ್ಪಿ. "ಇಂಥಾದು ಈಗಿನ ಮಂದಿಗೆ ಮಾಡಾಕ ಬರೂದಿಲ್ಲ, ನಾ ಕೊಡಂಗಿಲ್ಲ" ಎಂದು ಅವನು ಎರಡು ವರ್ಷ ಹಟ ಹಿಡಿದ. ಕಡೆಗೆ ಎರಡು ಎಣ್ಣೆಯ ಡಬ್ಬಿ ತಂದುಕೊಟ್ಟು ಹುಲೆಪ್ಪ ಒಂದು ಕುಪ್ಪಿ ಒಯ್ದ.

ಎಲ್ಲರಿಗಿಂತ ಗಟ್ಟಿ ಸಿಕ್ಕವಳು ರನ್ನ ಬೆಳಗಲಿಯ ಕಸ್ತೂರೆವ್ವ. ಐವತ್ತು ದಾಟಿದ ವಿಧವೆ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಎಲೆಯಡಿಕೆ, ಮನೆಯಲ್ಲಿ ಎಂಟು ಜನ ಅವಳ ಮಾತು ಕೇಳುವವರು. ಅವಳು ಕಟ್ಟೆಯ ಮೇಲೆ ಕೂತು ಅಡಿಕೆ ಒಡೆಯುತ್ತಿದ್ದದ್ದು ಗುಂಡಿನ ಅಚ್ಚಿನಿಂದ. ಇಕ್ಕಳದಂಥ ಎರಡು ಹಿಡಿಕೆ, ತುದಿಯಲ್ಲಿ ಎರಡು ದವಡೆ, ದವಡೆಯೊಳಗೆ ದುಂಡನೆಯ ಕುಳಿ. ಆ ಕುಳಿಯಲ್ಲಿ ಅಡಿಕೆ ಇಟ್ಟು ಹಿಡಿಕೆ ಅಮುಕಿದರೆ ಕಟಕ್ಕನೆ ಎರಡು ಹೋಳು.

ಹುಲೆಪ್ಪನ ಕೈಯಿಂದ ಪಂಪು ಜಾರುವುದೊಂದು ಬಾಕಿ.

"ಯವ್ವಾ, ಇದು ಏನಂತ ಗೊತ್ತೈತೇನು ನಿನಗ?"

"ಅಡಕೊತ್ತು. ನಮ್ಮ ಅತ್ತಿ ಕಾಲದ್ದು."

"ಅಡಕೊತ್ತಲ್ಲ ಬೇ. ಇದರಾಗ ಸೀಸ ಎರದು ಗುಂಡು ಮಾಡ್ತಿದ್ರು."

"ಅಯ್ಯ, ಅಡಕೀನೂ ಗುಂಡಗಽ ಇರ್ತೈತಿ. ನೀ ಔಷಧ ಹೊಡಿಯೋ ತಮ್ಮಾ, ಹೊತ್ತು ಏರತು."

ಮರು ಹಂಗಾಮಿಗೆ ಅವನು ಮುತ್ತಜ್ಜನ ಕೊಂಬನ್ನೇ ಚೀಲದಲ್ಲಿಟ್ಟುಕೊಂಡು ಬಂದ. ನಮ್ಮಲ್ಲಿ ಕೊಂಬು ಐತಿ, ಅಚ್ಚು ಇಲ್ಲ. ನಿಮ್ಮಲ್ಲಿ ಅಚ್ಚು ಐತಿ, ಕೊಂಬಿಲ್ಲ. ಎರಡೂ ಒಂದು ಕಡೆ ಇದ್ದರೆ ಆ ಹಿರಿಯರಿಗೆ ಸಮಾಧಾನ ಎಂದು ಅವಳ ಮುಂದೆ ಹೇಳಿಕೊಂಡ. ಚಾವಡಿಯ ಕಥೆಯನ್ನೂ ಹೇಳಿದ. ಕಸ್ತೂರೆವ್ವ ಕೊಂಬನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಮೂಸಿದಳು.

"ಇದಕ್ಕ ಔಡಲೆಣ್ಣಿ ತುಂಬಿದ್ರ ನಮ್ಮ ಬಂಡಿ ಹೂವಿನಂಗ ಓಡತಿತ್ತು ನೋಡು" ಅಂದಳು.

ಮೂರನೆಯ ಸಲ ಅವನು ಹೊಸ ಅಡಕೊತ್ತು ತಂದ. ಹಕ್ಕಿಯ ಮೂತಿಯದು, ಇಳಕಲ್ಲಿನ ಸೀರೆಯಷ್ಟು ಹೊಳಪಿನದು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಚ್ಚನ್ನು ಅವನ ಅಂಗೈಯಲ್ಲಿ ಇಟ್ಟು, "ಒಯ್ಯಿ. ಆದರ ನೆನಪಿಟ್ಕೊ, ಇದು ಅಡಕಿ ಒಡೀಲಿಲ್ಲ ಅಂದ್ರ ನಿನ್ನ ಬಿಡಂಗಿಲ್ಲ" ಎಂದಳು. ಅದು ಸರಿಯಾಗಿ ಕತ್ತರಿಸಲಿಲ್ಲ. ಮುಂದೆ ಎಂಟು ವರ್ಷ, ವರ್ಷಕ್ಕೆ ಎರಡು ಸಲ ಔಷಧ ಹೊಡೆಯಲು ಹೋದಾಗಲೆಲ್ಲ ಹುಲೆಪ್ಪ ಆ ಅಡಕೊತ್ತಿನ ವಿಷಯವಾಗಿ ಬೈಸಿಕೊಂಡ.

ಇನ್ನೊಂದು ಅವನ ರೂಢಿ. ಮಲೇರಿಯಾದವರು ಪ್ರತಿ ಮನೆಗೂ ಒಂದು ನಂಬರು ಕೊಟ್ಟು ಬಾಗಿಲ ಚೌಕಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದರು. ಹುಲೆಪ್ಪ ಯಾವ ಮನೆಯಿಂದ ಯಾವ ವಸ್ತು ತಂದರೂ ಅದೇ ಬಣ್ಣದಿಂದ ವಸ್ತುವಿನ ಮೇಲೆ ಊರಿನ ಮೊದಲಕ್ಷರ, ಮನೆಯ ನಂಬರು ಬರೆಯುತ್ತಿದ್ದ. ಕಸ್ತೂರೆವ್ವನ ಅಚ್ಚಿನ ಹಿಡಿಕೆಯ ಮೇಲೆ 'ರ ೧೧೪'. ಗಿರಮಲ್ಲಪ್ಪನ ಕುಪ್ಪಿಯ ಹೊಟ್ಟೆಯ ಮೇಲೆ 'ಬ ೩೭'. ಯಾವುದು ಎಲ್ಲಿಂದ ಬಂತು ಎಂಬುದು ತನ್ನ ನಂತರವೂ ಮರೆಯಬಾರದು ಎಂದು. ಸ್ವಂತ ಮುತ್ತಜ್ಜನ ಕೊಂಬಿಗೆ ಮಾತ್ರ ನಂಬರು ಹಾಕಲಿಲ್ಲ. ತನ್ನ ಮನೆಯದಕ್ಕೆ ಯಾರಾದರೂ ನಂಬರು ಹಾಕುತ್ತಾರೆಯೇ?

ಹನ್ನೆರಡು ವರ್ಷಗಳಲ್ಲಿ ಕಟ್ಟಿಗೆಯ ಪೆಟ್ಟಿಗೆ ತುಂಬಿತು. ನಂಬರಿನವು ಮೂವತ್ತೆಂಟು, ನಂಬರಿಲ್ಲದ್ದು ಒಂದು. ವರ್ಷಕ್ಕೊಮ್ಮೆ, ಮಹಾನವಮಿಯ ಖಂಡೇಪೂಜೆಯ ದಿನ, ಉಳಿದವರು ಕುಡಗೋಲು, ಕುಂಟೆ, ಸೈಕಲ್ಲು, ಹೊಲಿಗೆ ಯಂತ್ರ ಪೂಜೆ ಮಾಡಿದರೆ ಹುಲೆಪ್ಪ ಪಡಸಾಲೆಯಲ್ಲಿ ಕಂಬಳಿ ಹಾಸಿ ಇವೆಲ್ಲವನ್ನೂ ಸಾಲಾಗಿ ಇಟ್ಟು ಭಂಡಾರ, ಚೆಂಡುಹೂವು ಏರಿಸುತ್ತಿದ್ದ. ನಡುವೆ ಒಂದಾಳು ಉದ್ದದ ಜಾಗ ಖಾಲಿ ಬಿಡುತ್ತಿದ್ದ. ಅದು ಬಂದೂಕಿನ ಜಾಗ. ಊರವರು ಬಂದು ನೋಡುತ್ತಿದ್ದರು. ಅವನ ಹೆಂಡತಿ ತಾರವ್ವ, "ಮಂದಿ ಗಂಡಂದಿರು ಬಂಗಾರ ಕೂಡಿಸ್ತಾರ. ನಮ್ಮಾಂವ ಕೊಂಬು ಕೂಡಿಸ್ಯಾನ" ಎಂದು ಬೈಯುತ್ತಲೇ ಬಂದವರಿಗೆಲ್ಲ ಚುರಮುರಿ ಕೊಡುತ್ತಿದ್ದಳು.

೧೯೭೨ರ ಖಂಡೇಪೂಜೆಯ ದಿನ ಅವಘಡ ನಡೆಯಿತು. ಮುತ್ತಜ್ಜನ ಕೊಂಬಿಗೆ ಹುಳ ಹತ್ತಿತ್ತು. ತುದಿಯಲ್ಲಿ ಸಣ್ಣ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ. ಹನ್ನೆರಡು ವರ್ಷ ಹುಳ ಕೊಂದು ಹೊಟ್ಟೆ ಹೊರೆದವನಿಗೆ ತನ್ನ ಮುತ್ತಜ್ಜನ ಕೊಂಬನ್ನೇ ಹುಳ ತಿನ್ನುವುದೆಂದರೇನು? ನೂರು ವರ್ಷ ಯಾರೂ ತೆಗೆಯದ ಬಿರಡೆಯನ್ನು ಮೆಲ್ಲಮೆಲ್ಲಗೆ ಅಲುಗಿಸಿ ತಿರುಗಿಸಿ ತೆಗೆದ. ಬೋರಲು ಮಾಡಿ ಕೊಡವಿದ. ಏನೂ ಬೀಳಲಿಲ್ಲ. ಖಾಲಿ ಇದೆ ಎಂದುಕೊಂಡ. ಹಾಲಿನ ಗಡಿಗೆಗೆ ಹೊಗೆ ಹಾಕುವಂತೆ ಇದಕ್ಕೂ ಲೋಬಾನದ ಹೊಗೆ ತುಂಬಿದರೆ ಹುಳ ಸಾಯುತ್ತದೆ, ಪೂಜೆಯೂ ಆಗುತ್ತದೆ ಎಂದು ಕೆಂಡದ ಹಣತೆಯನ್ನು ಕೊಂಬಿನ ಬಾಯಿಗೆ ಹಿಡಿದು ಊದಿದ.

ಮುದಕಪ್ಪ ಕೊಂಬನ್ನು ಖಾಲಿ ಮಾಡಿ ಇಟ್ಟಿರಲಿಲ್ಲ. ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಮದ್ದು ನೂರಾ ಹದಿನೈದು ವರ್ಷ ಕಾದು ಕೂತಿತ್ತು. ಒಂದು ಕಿಡಿ ಒಳಗೆ ಹೋಯಿತು. ಭುಸ್ಸೆಂದು ಮೊಳಕೈ ಉದ್ದದ ಬೆಂಕಿ ಹೊರಗೆ ಬಂತು. ಪಡಸಾಲೆ ತುಂಬ ಬಿಳಿ ಹೊಗೆ, ಗಂಧಕದ ವಾಸನೆ. ಚುರಮುರಿ ತಿನ್ನುತ್ತಿದ್ದವರು ತಟ್ಟೆ ಬಿಟ್ಟು ಓಡಿದರು. ಹೊಗೆ ಹರಿದಾಗ ಹುಲೆಪ್ಪನ ಮೀಸೆ ಬಲಗಡೆ ಇತ್ತು, ಎಡಗಡೆ ಇರಲಿಲ್ಲ. ತುಟಿ ಬೊಬ್ಬೆ ಎದ್ದಿತ್ತು. ಕೊಂಬಿನ ಬಾಯಿ ಸುಟ್ಟು ಬೆರಳುದ್ದ ಸೀಳಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ.

ಮರುದಿನ ಊರೆಲ್ಲ ಬನ್ನಿ ಹಂಚುತ್ತಿದ್ದಾಗ ಪೊಲೀಸ್ ಠಾಣೆಯ ಫೌಜದಾರ ಬಂದ. ತಳವಾರನ ಮನೆಯಲ್ಲಿ ಬಾಂಬು ಹಾರಿದೆ ಎಂದು ಯಾರೋ ಮುಟ್ಟಿಸಿದ್ದರು. ಪೆಟ್ಟಿಗೆ ತೆಗೆಸಿದ. ಒಂದೊಂದೇ ವಸ್ತು ಎತ್ತಿ ನೋಡಿದ. ಕೆಂಪು ಅಕ್ಷರ ಕಂಡದ್ದೇ ಅವನ ಹುಬ್ಬು ಗಂಟಾಯಿತು.

"ಏನಲೇ ಇದು ಗುರುತು? ಯಾವ ಟೋಳಿ ನಿಂದು? ಊರೂರಿಗೆ ಎಷ್ಟ ಮಂದಿ ಅದೀರಿ?"

ಹುಲೆಪ್ಪ ಬಾಯಿ ತೆಗೆಯಲಾರ. ತಾರವ್ವ ಮುಂದೆ ಬಂದಳು. "ಟೋಳಿ ಅಲ್ರಿ ಸಾಹೇಬ್ರ, ಮಲೇರಿಯಾ ನಂಬರರೀ ಅವು."

"ಬಂದೂಕಿನ ಸಾಮಾನಿಗೆ ಮಲೇರಿಯಾ ನಂಬರ?"

"ನಮ್ಮ ಮನಿಯವರಿಗೆ ಬ್ಯಾರೆ ನಂಬರ ಬರೂದಿಲ್ರಿ."

ಫೌಜದಾರ ನಗಲಿಲ್ಲ. ಪಂಚನಾಮೆ ಬರೆದರು. ಮೂವತ್ತೊಂಬತ್ತು ವಸ್ತು ಗೋಣಿಚೀಲಕ್ಕೆ ಹೋದವು. ಕೊಂಬನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು. ಕೇಸು ದಾಖಲಾಯಿತು. ತೀರ್ಮಾನ ಆಗುವ ತನಕ ಕೆಲಸಕ್ಕೆ ಬರಬೇಡ ಎಂದು ಇಲಾಖೆಯಿಂದ ಕಾಗದ ಬಂತು.

ಜಮಖಂಡಿಯ ಚನಮಲ್ಲಪ್ಪ ವಕೀಲರು ಕಾಗದವನ್ನೆಲ್ಲ ಓದಿ, ಚಷ್ಮಾ ತೆಗೆದು, ಹುಲೆಪ್ಪನ ಅರ್ಧ ಮೀಸೆಯನ್ನು ಕ್ಷಣ ಹೊತ್ತು ನೋಡಿದರು.

"ಫೌಜದಾರರ ಮುಂದ ಏನರೆ ಹೇಳೀಯೇನು? ಆ ಕೊಂಬು ನಂದು ಅಂತ?"

"ಇಲ್ರಿ. ತುಟಿ ಸುಟ್ಟಿತ್ತು, ಬಾಯಿ ತೆರಿಯಾಕ ಬರಲಿಲ್ಲ."

"ಸುಟ್ಟಿದ್ದಽ ಛಲೋ ಆತು. ಕೇಳಿಲ್ಲಿ. ಈ ಸಾಮಾನೆಲ್ಲಾ ನನ್ನವು ಅಂದಿ, ಒಳಗ ಹೋಗ್ತಿ. ಮಂದೀವು ಅಂದಿ, ಮನಿಗೆ ಹೋಗ್ತಿ. ಹ್ಯಾಂಗೂ ನಂಬರ ಬರದೀಯಲ್ಲ. ಆ ಮನಿಯವರು ಬಂದು, ಇದು ನಮ್ಮದು, ನಾವು ಎಣ್ಣಿಗೆ ಸುಣ್ಣಕ್ಕ ಬಳಸತಿದ್ವಿ, ನೋಡಾಕಂತ ಕೊಟ್ಟಿದ್ವಿ ಅಂತ ಹೇಳಲಿ. ಮುಚ್ಚಳಿಕೆ ಬರದುಕೊಟ್ಟು ತಗೊಂಡು ಹೋಗಲಿ. ಹತಾರ ಅಲ್ಲ, ಮನಿಬಳಕಿ ಸಾಮಾನು ಅಂತ ಸಾಬೀತ ಆಗ್ತೈತಿ."

"ತಗೊಂಡು ಹೋಗಲಿ ಅಂದ್ರ... ಎಲ್ಲಾ?"

"ಎಲ್ಲಾ."

ಹುಲೆಪ್ಪ ನೆಲ ನೋಡಿದ. ಅವನು ಅಷ್ಟು ಒಪ್ಪವಾಗಿ ಬರೆದಿಟ್ಟ ಕೆಂಪು ನಂಬರೇ ಈಗ ಅವನನ್ನು ಉಳಿಸುವುದು, ಅದೇ ಅವನ ಪೆಟ್ಟಿಗೆಯನ್ನು ಬರಿದು ಮಾಡುವುದು.

"ಕೊಂಬು?" ಎಂದ.

ವಕೀಲರು ಚಷ್ಮಾ ಮತ್ತೆ ಏರಿಸಿದರು. "ಅದನ್ನ ಮರತಬಿಡು. ಅದಕ್ಕ ನಂಬರ ಇಲ್ಲ, ಅದರಾಗ ಮದ್ದು ಇತ್ತು. ನಂದು ಅಂದಿಯೋ, ಗೊತ್ತಿದ್ದಽ ಇಟ್ಕೊಂಡಿದ್ದ ಅಂತಾರ, ನೌಕರಿ ಹೋತು. ಯಾರದೂ ಅಲ್ಲ ಅಂತಾದ್ರ ಸರಕಾರಕ್ಕ ಜಮಾ. ಆಮ್ಯಾಲೆ ಸುಟ್ಟೋ ಒಡದೋ ಒಗೀತಾರ."

ಮನೆಗೆ ಬಂದು ಎರಡು ದಿನ ಅವನು ಉಣ್ಣಲಿಲ್ಲ. ಮೂರನೆಯ ದಿನ ತಾರವ್ವ ರೊಟ್ಟಿಯ ತಟ್ಟೆ ಮುಂದೆ ಕುಕ್ಕಿದಳು. "ನಿಮ್ಮ ಮುತ್ಯಾ ಚಾವಡಿಗೆ ಯಾಕ ಹೋದಾ? ಹೆಂಡರು ಮಕ್ಕಳು ಉಳೀಲಿ ಅಂತ. ಬಂದೂಕ ಕೊಟ್ಟು ಬಂದು ಉಂಡಾನೋ ಇಲ್ಲೋ? ಉಣ್ರಿ. ಉಂಡು ಸೈಕಲ್ ಹತ್ರಿ."

ಸೈಕಲ್ ಹತ್ತಿದ. ಪಂಪಿಲ್ಲದೆ, ಬಕೀಟಿಲ್ಲದೆ, ಅದೇ ಊರುಗಳ ಅದೇ ನಂಬರಿನ ಬಾಗಿಲುಗಳಿಗೆ ಹೋಗಿ ನಿಂತ. ಬಾಜಾರದಿಂದ ಬದಲಿ ವಸ್ತು ತಂದುಕೊಟ್ಟು ಒಯ್ದಿದ್ದವನು ಈಗ, ಬಂದು ನಿಮ್ಮದು ಅನ್ನಿರಿ, ನಿಮ್ಮದು ನೀವು ಒಯ್ಯಿರಿ ಎಂದು ಕೈ ಮುಗಿದು ಹೇಳಬೇಕಾಯಿತು. ಕೆಲವರು ಕೋರ್ಟೆಂದರೆ ಹೆದರಿದರು, ಎರಡು ಮೂರು ಸಲ ಹೋದ ಮೇಲೆ ಒಪ್ಪಿದರು. ಗಿರಮಲ್ಲಪ್ಪ ಮಾತ್ರ, "ಕುಪ್ಪಿ ತಿರುಗಿ ಸಿಗ್ತೈತಿ ಅಂದ್ರ ಜಮಖಂಡಿ ಏನು, ಬೆಂಗಳೂರಿಗೂ ಬರ್ತೀನಿ. ನೀ ಕೊಟ್ಟ ಡಬ್ಬಿ ಎಣ್ಣಿ ಬಿಡೂದಿಲ್ಲ, ಉಚ್ಚಿ ಹೊಯ್ತೈತಿ" ಎಂದ.

ಬೆಳಗಲಿಯಲ್ಲಿ ಕಸ್ತೂರೆವ್ವ ಕಟ್ಟೆಯ ಮೇಲೆಯೇ ಇದ್ದಳು. ಹಕ್ಕಿಮೂತಿಯ ಅಡಕೊತ್ತಿನಲ್ಲಿ ಅಡಿಕೆ ಇಟ್ಟು ಅಮುಕುತ್ತಿದ್ದಳು. ಅಡಿಕೆ ಜಾರಿ ಅಂಗಳಕ್ಕೆ ಹಾರಿತು. ಹುಲೆಪ್ಪ ಅದನ್ನು ಹೆಕ್ಕಿ ಒರೆಸಿ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದ.

"ಬರ್ತೀನಿ. ನನ್ನ ಸಾಮಾನು ನಂದು ಅನ್ನಾಕ ನನಗೇನು ಅಂಜಿಕಿ?" ಎಂದಳು. ಆಮೇಲೆ ಕೇಳಿದಳು: "ಆ ನಿಮ್ಮ ಮುತ್ಯಾನ ಕೊಂಬು?"

"ಅದು ಹೋದಂಗಽ ಯವ್ವಾ. ಅದಕ್ಕ ನಾ ನಂಬರ ಹಾಕಿದ್ದಿಲ್ಲ."

ಅವಳು ಅಡಿಕೆಯನ್ನು ಇಡಿಯಾಗಿಯೇ ಬಾಯಿಗೆ ಹಾಕಿಕೊಂಡಳು.

ಮಾಘ ಮಾಸದಲ್ಲಿ ಕೋರ್ಟಿನ ತಾರೀಖು ಬಂತು. ಜಮಖಂಡಿಯ ಕಚೇರಿಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಮೂರು ತಾಲೂಕಿನ ಮಂದಿ ಕೂತಿದ್ದರು. ಬುತ್ತಿಯ ಗಂಟು ಬಿಚ್ಚಿ ಒಬ್ಬರ ಚಟ್ನಿ ಒಬ್ಬರಿಗೆ ಹಂಚುತ್ತಿದ್ದರು. ಒಳಗೆ ಮೇಜಿನ ಮೇಲೆ ಗೋಣಿಚೀಲ ಬಿಚ್ಚಿದರು. ಗುಮಾಸ್ತ ಒಂದೊಂದೇ ಎತ್ತಿ ನಂಬರು ಕೂಗುವುದು, ಮನೆಯವರು ಎದ್ದು ನಿಲ್ಲುವುದು, ಏನಕ್ಕೆ ಬಳಸುತ್ತಿದ್ದಿರಿ ಎಂದು ನ್ಯಾಯಾಧೀಶರು ಕೇಳುವುದು. ಸುಣ್ಣಕ್ಕರಿ. ಕೀಲೆಣ್ಣಿಗರಿ. ನಶಿಪುಡಿ ಇಡಾಕರಿ. ಕೂಸಿಗೆ ಬಜಿ ತೇದು ಕುಡಿಸಾಕರಿ. ಗಿರಮಲ್ಲಪ್ಪ ಕುಪ್ಪಿಯನ್ನು ಅಲ್ಲೇ ಒತ್ತಿ ತೋರಿಸಲು ಹೋಗಿ ಕಾಗದದ ಮೇಲೆ ಹಳೆಯ ಎಣ್ಣೆಯ ಹನಿ ಬೀಳಿಸಿ ಬೈಸಿಕೊಂಡ. ನ್ಯಾಯಾಧೀಶರಿಗೆ ನಗು ತಡೆಯಲು ಕೆಮ್ಮಬೇಕಾಯಿತು.

ಹುಲೆಪ್ಪ ಕಟಕಟೆಯಲ್ಲಿ ನಿಂತು ನೋಡಿದ. ಹನ್ನೆರಡು ವರ್ಷದ ಸಂಸಾರ ಅವನ ಕಣ್ಣೆದುರು ಒಂದೊಂದೇ ಬಾಗಿಲು ದಾಟಿ ಹೋಯಿತು. ಕಸ್ತೂರೆವ್ವ ತನ್ನ ಅಚ್ಚು ತೆಗೆದುಕೊಂಡು, ಹೆಬ್ಬೆಟ್ಟು ಒತ್ತಿ, ಹೊರಗೆ ಹೋಗದೆ ಗೋಡೆಗೆ ಒರಗಿ ನಿಂತಳು.

ಕಡೆಗೆ ಅರಗಿನ ಮುದ್ರೆ ಒಡೆದು ಕೊಂಬು ಹೊರಗೆ ತೆಗೆದರು. ಸುಟ್ಟ ಬಾಯಿ, ಸೀಳಿದ ಮೈ.

"ಇದಕ್ಕೆ ನಂಬರಿಲ್ಲ. ಇದು ಯಾರದು?" ಎಂದರು ನ್ಯಾಯಾಧೀಶರು.

ಹುಲೆಪ್ಪನ ಗಂಟಲಲ್ಲಿ 'ನಮ್ಮದರೀ' ಎಂಬ ಮಾತು ಬಂದು ನಿಂತಿತ್ತು. ಚನಮಲ್ಲಪ್ಪ ವಕೀಲರು ಅವನತ್ತ ತಿರುಗಿ ತಲೆ ಅಲ್ಲಾಡಿಸಿದರು. ಬಾಗಿಲ ಬಳಿ ತಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮುತ್ತಜ್ಜ ಚಾವಡಿಯಲ್ಲಿ ಬಂದೂಕು ಇಡುವಾಗ ಹೀಗೆಯೇ ನಿಂತಿದ್ದನೇನೋ. ಹುಲೆಪ್ಪ ಮಾತು ನುಂಗಿದ.

"ವಾರಸುದಾರರಿಲ್ಲ ಎಂದು ಬರೆದುಕೊಳ್ಳಿ" ಎಂದರು ನ್ಯಾಯಾಧೀಶರು.

"ತಡೀರೆಪಾ, ಏನ ಗಡಿಬಿಡಿ!" ಕಸ್ತೂರೆವ್ವ ಗೋಡೆ ಬಿಟ್ಟು ಮುಂದೆ ಬಂದಳು. "ನಮ್ಮದರೀ ಅದು."

ಸರಕಾರಿ ವಕೀಲ ಎದ್ದ. "ನಿಮ್ಮದು ಆಗಲೇ ಒಂದು ತಗೊಂಡ್ರಲ್ಲ ಅಮ್ಮಾ?"

"ಒಂದ ಮನ್ಯಾಗ ಎರಡ ಸಾಮಾನು ಇರಬಾರದೇನ್ರಿ? ನಿಮ್ಮ ಮನ್ಯಾಗ ಒಂದಽ ತಂಬಗಿ ಐತೇನು?"

"ಏನಕ್ಕೆ ಬಳಸುತ್ತಿದ್ದಿರಿ?" ನ್ಯಾಯಾಧೀಶರು ಕೇಳಿದರು.

"ಬಂಡಿ ಕೀಲಿಗೆ ಔಡಲೆಣ್ಣಿ ಹಾಕಾಕರಿ. ನಮ್ಮ ಅತ್ತಿ ಕಾಲದಿಂದ ಗೂಟದಾಗ ಇತ್ತು. ಒಳಗೇನು ಕೂತಿತ್ತೋ ಯಾರು ನೋಡ್ಯಾರ? ಈ ತಮ್ಮ ನೋಡಾಕಂತ ಒಯ್ದಾ, ಮಾರಿ ಸುಟ್ಕೊಂಡಾ."

"ಎಲ್ಲದಕ್ಕೂ ನಂಬರಿದೆ. ಇದಕ್ಕೆ ಏಕಿಲ್ಲ?"

ಕಸ್ತೂರೆವ್ವ ಬಾಯಲ್ಲಿನ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದಳು.

"ನೂರು ವರ್ಷ ಎಣ್ಣಿ ಕುಡದ ಕೊಂಬಿಗೆ ಬಣ್ಣ ಹಿಡೀತೈತೇನ್ರಿ ಸಾಹೇಬ್ರ?"

ನ್ಯಾಯಾಧೀಶರು ಕೊಂಬನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. ಬೆರಳಿನಿಂದ ಅದರ ಮೈ ಸವರಿ ಆ ಬೆರಳನ್ನು ನೋಡಿಕೊಂಡರು. ಆಮೇಲೆ ಕಟಕಟೆಯಲ್ಲಿದ್ದವನ ಮುಖವನ್ನು ಒಂದು ಗಳಿಗೆ ನೋಡಿದರು. ಅವರಿಗೆ ಏನು ತಿಳಿಯಿತು, ಎಷ್ಟು ತಿಳಿಯಿತು ಎಂಬುದು ಅವರಿಗೇ ಗೊತ್ತು. ಕೊಂಬನ್ನು ಗುಮಾಸ್ತನ ಕಡೆ ಸರಿಸಿ, "ಬರೆದುಕೊಳ್ಳಿ. ರನ್ನ ಬೆಳಗಲಿ, ಮನೆ ನಂಬರು ನೂರಾ ಹದಿನಾಲ್ಕು. ಹೆಬ್ಬೆಟ್ಟು ಒತ್ತಿಸಿ" ಎಂದರು. ಹುಲೆಪ್ಪನಿಗೆ ಇನ್ನು ಮುಂದೆ ಬೆಂಕಿಯ ಹತ್ತಿರ ಬುದ್ಧಿ ಇಟ್ಟುಕೊಂಡು ನಡೆ ಎಂದು ತಾಕೀತು ಮಾಡಿ ಬಿಟ್ಟರು.

ಬೇವಿನ ಗಿಡದ ಕೆಳಗೆ ಅವನು ಬಾಗಿ ಅವಳ ಕಾಲು ಮುಟ್ಟಲು ಹೋದ. ಅವಳು ಕಾಲು ಹಿಂದೆ ಎಳೆದುಕೊಂಡಳು.

"ಏಳೋ ಮಾರಾಯ. ಕೊರಳಾಗ ಲಿಂಗ ಕಟ್ಕೊಂಡಾಕಿ ಕಡೆ ಸುಳ್ಳ ಹೇಳಿಸಿದಿ."

"ನಾ ಹೇಳು ಅಂದಿದ್ದಿಲ್ಲ ಯವ್ವಾ."

"ಹೇಳು ಅಂದಿದ್ರ ಹೇಳ್ತಿದ್ದಿಲ್ಲ. ಇನ್ನ ಸುಳ್ಳೆಲ್ಲೈತಿ? ಕಾಗದದಾಗ ಬರದಾರ, ಹೆಬ್ಬಟ್ಟ ಒತ್ತೀನಿ. ಈಗ ಖರೇನಽ ನಂದು." ಕೊಂಬನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. "ನನ್ನ ಸಾಮಾನು ನಿನಗ ಬೇಕಂದ್ರ ನಿನ್ನ ರೂಢಿ ಏನೈತಿ? ಬದಲಿ ಏನ ಕೊಡ್ತಿ?"

ಹುಲೆಪ್ಪ ಬರಿಗೈ ನೋಡಿಕೊಂಡ. ಅವಳು ಸೊಂಟದಿಂದ ಹಕ್ಕಿಮೂತಿಯ ಅಡಕೊತ್ತು ಎಳೆದು ಅವನ ಅಂಗೈಯಲ್ಲಿ ಬಡಿದಳು.

"ಈ ದರಿದ್ರದ್ದನ್ನ ತಿರಗಿ ತಗೋ. ಎಂಟು ವರ್ಷ ನನ್ನ ಹಲ್ಲು ತಿಂದೈತಿ. ಅಚ್ಚು ನನಗಽ ಇರಲಿ, ಅಡಕಿ ಒಡಿಯಾಕ. ಮತ್ತ ಅದನ್ನ ಕೇಳಾಕ ಬಂದಿ, ಕಾಲ ಮುರೀತೀನಿ." ಅಷ್ಟು ಹೇಳಿ ಕೊಂಬನ್ನು ಅವನ ಕೈಗೆ ಇಟ್ಟು, ಮುಧೋಳದ ಬಸ್ಸು ಹಿಡಿಯಲು ನಡೆದಳು.

ಹುಲೆಪ್ಪ ಮತ್ತೆ ಕೆಲಸಕ್ಕೆ ಸೇರಿದ. ಮುಂದಿನ ಹಂಗಾಮಿಗೆ ಹೋದಾಗ ಹತ್ತು ಹನ್ನೊಂದು ಮನೆಯವರು, "ತಗೊಳಪಾ, ನಾವು ಕೋರ್ಟಿಗಷ್ಟಽ ತಂದಿದ್ವಿ" ಎಂದು ವಸ್ತುಗಳನ್ನು ಮುಂದೆ ಹಿಡಿದರು. ಅವನು ಕೈ ಚಾಚಲಿಲ್ಲ. "ಗೂಟದಾಗ ಇರಲಿ. ವರ್ಷಕ್ಕ ಎರಡ ಸಲ ಬರ್ತೀನಲ್ಲ, ನೋಡ್ಕೊಂಡು ಹೋಗ್ತೀನಿ" ಎಂದ. ಹಾಗೆಯೇ ಮಾಡಿದ. ಹೆಣ್ಣುಮಕ್ಕಳು ಸಾಮಾನು ಅಂಗಳಕ್ಕೆ ಇಟ್ಟಾಗ ತನ್ನ ಹಳೆಯ ನಂಟರನ್ನು ಎತ್ತಿಕೊಂಡು, ತುಕ್ಕು ಹಿಡಿದದ್ದಕ್ಕೆ ಎಣ್ಣೆ ಒರೆಸಿ, ಮಾಸಿದ ನಂಬರಿನ ಮೇಲೆ ಮತ್ತೊಮ್ಮೆ ಕೆಂಪು ಎಳೆದು ಬರುತ್ತಿದ್ದ. ಪೆಟ್ಟಿಗೆಯಲ್ಲಿದ್ದಾಗ ವರ್ಷಕ್ಕೊಮ್ಮೆ ನೋಡುತ್ತಿದ್ದವನು ಈಗ ಎರಡು ಸಲ ನೋಡಿದ. ೧೯೯೦ರಲ್ಲಿ ನಿವೃತ್ತನಾದ ಮೇಲೂ ಸೈಕಲ್ಲಿನ ಮೇಲೆ ಆ ಸುತ್ತು ಬಿಡಲಿಲ್ಲ. ಖಂಡೇಪೂಜೆಗೆ ಮುಂಚೆ ಬೆಳಗಲಿಗೆ ಹೋದರೆ ಮುಪ್ಪಾದ ಕಸ್ತೂರೆವ್ವ ಕಟ್ಟೆಯ ಮೇಲಿಂದಲೇ ಕೇಳುತ್ತಿದ್ದಳು: "ನನ್ನ ಕೊಂಬು ಆರಾಮ ಐತೇನೋ?"

"ಆರಾಮ ಐತಿ ಬೇ. ಹುಳ ಹತ್ತಿಲ್ಲ."

"ಹೊಗಿ ಗಿಗಿ ಹಾಕೀಯ ಮತ್ತ!"

ಆದರೆ ಇದೆಲ್ಲ ಆಮೇಲಿನ ಮಾತು. ಕೋರ್ಟಿನಿಂದ ಬಂದ ಆ ದಿನ ಸಂಜೆ ಹುಲೆಪ್ಪ ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತ. ಬಣ್ಣದ ಡಬ್ಬಿ ಹುಡುಕಿ ತೆಗೆದ. ಕೊಂಬನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುತ್ತಜ್ಜ ಮುದಕಪ್ಪನನ್ನು ನೆನೆದು, ಸೀಳಿನ ಪಕ್ಕದಲ್ಲಿ ಕುಂಚ ಊರಿದ.

ತಾರವ್ವ ಒಳಗಿನಿಂದ ಬಂದು ನೋಡಿದಳು. "ಅಯ್ಯ! ನಮ್ಮ ಮುತ್ಯಾನ ಕೊಂಬಿಗೆ ಅವರ ಮನಿ ನಂಬರ?"

"ಕಾಗದದಾಗ ಹಂಗಽ ಐತಿ" ಎಂದ ಹುಲೆಪ್ಪ. 'ರ ೧೧೪' ಎಂದು ನಿಧಾನಕ್ಕೆ ಬರೆದ. ಎಣ್ಣೆ ಕಾಣದ ಕೊಂಬು, ಬಣ್ಣ ಒಂದೇ ಸಲಕ್ಕೆ ಹಿಡಿಯಿತು.